ಅನಂತ ವಾಡೆಯ ಕಲ್ಲು

ಮಾರ್ಚ್ 3, 2025, ಸೋಮವಾರ

ಬಸದಿಗೆ ಹೋಗಿ ಬಂದೆ. ಬಿಪಿ ಗುಳಿಗೆ ನುಂಗಿದೆ. ಹತ್ತಕ್ಕೆ ತಮ್ಮನ ಫೋನು. ದಾದಾಸಾಹೇಬನಿಗೆ ಒಂದು ವರ್ಷದ ಮೇಲೆ ಅಕ್ಕನ ನೆನಪಾಗಿದೆ.

"ಅಕ್ಕಾ, ನೀ ಸಾಲ್ಯಾಗ ಮೂವತ್ತ ವರ್ಷ ಕನ್ನಡ ಕಲಿಸಿದಾಕಿ. ನಮ್ಮ ವಾಡಾದ ಇತಿಹಾಸ ಬರದು ಕೊಡ. ಗ್ರಾನೈಟ್ ಮ್ಯಾಲೆ ಕೆತ್ತಿಸಿ ಬಾಗಲಾಗ ನಿಲ್ಲಸ್ತೀನಿ. ಗಿರಾಕಿ ಓದ್ಲಿ."

ಅಥಣಿಯ ನಮ್ಮ ತವರುಮನೆ. ಈಗ 'ಅನಂತ ವಾಡಾ ಲಾಡ್ಜಿಂಗ್'. ಅಜ್ಜನ ಹೆಸರು. ಅಜ್ಜನ ಕಾಲಕ್ಕೆ ಅಲ್ಲಿದ್ದದ್ದು ಎರಡು ಖೋಲಿ, ಒಂದು ಎಮ್ಮೆ.

ಆಗಲಿ ಎಂದೆ. ಇಷ್ಟು ಸುಲಭವಾಗಿ ಒಪ್ಪಿದ್ದು ಅವನಿಗೇ ಆಶ್ಚರ್ಯ.

ಮಾರ್ಚ್ 5

ಬರೆಯಲು ಕುಳಿತೆ. ಅಪ್ಪ ಹೋದದ್ದು 1979ರಲ್ಲಿ. ಅವ್ವ ಪಡಸಾಲೆಯಲ್ಲಿ ಖಾನಾವಳಿ ತೆಗೆದಳು. ಜಿನ್ನವ್ವನ ಖಾನಾವಳಿ. ಹೊತ್ತು ಮುಳುಗುವ ಮೊದಲೇ ಊಟ ಮುಗಿಯಬೇಕು, ನಮ್ಮಲ್ಲಿ ಹಾಗೆ. ಕಂಡಕ್ಟರುಗಳು, ಬೆಲ್ಲದ ವ್ಯಾಪಾರಿಗಳು ಬಿಸಿಲಿರುವಾಗಲೇ ಓಡಿ ಬರುತ್ತಿದ್ದರು. ಬಸ್ಸು ತಪ್ಪಿದವರು ಅಲ್ಲೇ ಮಲಗುತ್ತಿದ್ದರು. ರೊಟ್ಟಿ ಬಡಿದು ಬಡಿದು ಮೇಲೆ ನಾಲ್ಕು ಖೋಲಿ ಕಟ್ಟಿಸಿದಳು. ತಮ್ಮನನ್ನು ಮಿರಜಿನ ಮಾವನ ಮನೆಯಲ್ಲಿಟ್ಟು ಮರಾಠಿ ಶಾಲೆಯಲ್ಲಿ ಓದಿಸಿದಳು.

ಅವನು ಮೊದಲೇ ಹೇಳಿದ್ದಾನೆ — "ಖಾನಾವಳಿ ಸುದ್ದಿ ಬ್ಯಾಡ. ಅಜ್ಜ ದೊಡ್ಡ ಸಾವಕಾರ ಇದ್ದ, ಹಂಗ ಬರಿ."

ಹಾಗೆಯೇ ಬರೆದೆ. ಹತ್ತು ಸಾಲು ಅಜ್ಜ. ಆಮೇಲೆ...

ಅವ್ವ ತೀರಿದ್ದು ಇಲ್ಲಿ, ಹಾರೂಗೇರಿಯ ಈ ಬಾಡಿಗೆ ಮನೆಯಲ್ಲಿ, ಹೋದ ವರ್ಷ ಫೆಬ್ರವರಿ. "ನನ್ನ ಮನಿ ಕಟ್ಟಿ ಮ್ಯಾಲೆ ಒಂದ್ ತಾಸ ಇಡ್ರಿ" ಎಂದಿದ್ದಳು. ಹೆಣದ ಗಾಡಿ ಕೃಷ್ಣಾ ಸೇತುವೆಯ ಮೇಲಿದ್ದಾಗ ತಮ್ಮನ ಫೋನು. "ಮನಿಗೆ ತರಬ್ಯಾಡ ಅಕ್ಕಾ. ಸಾಂಗ್ಲಿಯ ಮದವಿ ಮಂದಿ ಇಳದಾರ. ಸೀದಾ ಸ್ಮಶಾನಕ್ಕ ಒಯ್."

ಸೀದಾ ಸ್ಮಶಾನಕ್ಕೇ ಹೋಯಿತು.

ಕೊನೆಗೆ ಮೂರು ವಾಕ್ಯ ಸೇರಿಸಿದೆ. ಅಕ್ಷರ ದುಂಡಗೆ ಬಂದವು.

ಮಾರ್ಚ್ 12

ತಮ್ಮ ಕಾರಿನಲ್ಲಿ ಬಂದಿದ್ದ. ಕನ್ನಡ ಓದಲು ಬರದು, ಸಹಿಯೂ ಮರಾಠಿ. ಓದಿ ಹೇಳೆಂದ. ಹತ್ತು ಸಾಲು ಓದಿ ಕಾಗದ ಮಡಚಿದೆ. "ಏಕದಮ್ ಛಲೋ" ಎಂದ.

ಕಾಗದವನ್ನು ನಾನೇ ಕಲ್ಲು ಕೆತ್ತುವ ಗಂಗಾರಾಮನಿಗೆ ಮುಟ್ಟಿಸಿದೆ. ಅವನು ಕೊನೆಯವರೆಗೂ ಓದಿದ.

"ಬಾಯೀರ, ಈ ಕಡೀ ಮಾತು... ಸಾಹೇಬ್ರು ನೋಡ್ಯಾರನ್ರಿ?"

"ಓದಿ ಹೇಳೀನಿ."

ಸುಳ್ಳೆಂದು ಅವನಿಗೆ ತಿಳಿಯಿತು. "ನಿಮ್ಮ ತಾಯಿ ಕೈಯಾಗ ನಾನೂ ಉಂಡೀನ್ರಿ," ಎಂದು ಅಳತೆಪಟ್ಟಿ ಹುಡುಕಿದ.

ಮಾರ್ಚ್ 30, ಯುಗಾದಿ. ಸಂಜೆ 5

ಆಯಿತು.

ಪೆಂಡಾಲು, ಕುರ್ಚಿ, ಅರ್ಧ ಊರಿನ ಮಂದಿ. ತಮ್ಮನೇ ಪರದೆ ಎಳೆದ. ಓದಲು ಮಗಳನ್ನು ಕರೆದ. ತ್ರಿಶಲಾ ಲಾಡ್ಜಿನ ಕೌಂಟರ್ ನೋಡಿಕೊಳ್ಳುವವಳು, ಇಪ್ಪತ್ನಾಲ್ಕು ವರ್ಷ, ಸ್ಪಷ್ಟ ದನಿ. ಅಜ್ಜನ ಸಾಲುಗಳಿಗೆ ಜನ ತಲೆ ತೂಗಿದರು. ಆಮೇಲೆ ಓದಿದಳು —

"ಈ ಮನೆಯನ್ನು ಕಟ್ಟಿದವಳು ಖಾನಾವಳಿಯ ಜಿನ್ನವ್ವ. ಆಕೆಯ ಹೆಣವನ್ನು ಮಗ ದಾದಾಸಾಹೇಬ ಈ ಹೊಸ್ತಿಲ ಒಳಗೆ ಬಿಟ್ಟುಕೊಳ್ಳಲಿಲ್ಲ. ಅಂದು ಖೋಲಿಗಳು ಬುಕ್ ಆಗಿದ್ದವು."

ಅರ್ಧಕ್ಕೆ ನಿಲ್ಲಿಸುತ್ತಾಳೆ ಅಂದುಕೊಂಡಿದ್ದೆ. ನಿಲ್ಲಿಸಲಿಲ್ಲ. ಓದಿ ಮುಗಿಸಿ, ನನ್ನ ಕಡೆ ಕೈ ತೋರಿಸಿ, ಅಪ್ಪನತ್ತ ತಿರುಗಿದಳು. "ಪಪ್ಪಾ, ಆಯಿ ಹೆಣಾನ ಇಲ್ಲಿಗೆ ತರೂದು ಬ್ಯಾಡಂತ ಸುಗಂಧಾ ಆತ್ಯಾನ ಅಂದ್ರು, ಅಂತ ಹೇಳಿದ್ರಲ್ಲ?"

ಅವನು ಪರದೆಯನ್ನು ಮತ್ತೆ ಕಲ್ಲಿನ ಮೇಲೆ ಎಳೆಯಹೋದ. ಜನ ಶಿರಾದ ತಟ್ಟೆ ಕೆಳಗಿಟ್ಟು ಒಬ್ಬೊಬ್ಬರಾಗಿ ಎದ್ದರು. ನಾನು ನನ್ನದನ್ನು ಪೂರ್ತಿ ತಿಂದೆ. ಮತ್ತೊಮ್ಮೆ ಹಾಕಿಸಿಕೊಂಡೆ.

ಏಪ್ರಿಲ್ 2

ಕಲ್ಲು ಒಡೆಯುತ್ತೇನೆಂದು ಅರಚಾಡಿದನಂತೆ. "ಕಲ್ಲ ಒಡದ ದಿನಾನ ನಾ ಮನಿ ಬಿಡ್ತೀನಿ" ಎಂದಳಂತೆ ಮಗಳು. ಕಲ್ಲು ಉಳಿದಿದೆ. ಈಗ ಹಿತ್ತಿಲಿಂದ ಒಳಗೆ ಹೋಗುತ್ತಾನಂತೆ.

ಹೋಗಲಿ. ಸಾಯುವವರೆಗೂ ಹಿತ್ತಿಲಿಂದಲೇ ಹೋಗಲಿ.

ಏಪ್ರಿಲ್ 20, ಭಾನುವಾರ

ತ್ರಿಶಲಾ ಬಂದಿದ್ದಳು. ಚಹಾ ಕೊಟ್ಟೆ, ಮುಟ್ಟಲಿಲ್ಲ.

"ಆತ್ಯಾ, ಪಪ್ಪಾ ಫೋನಿನ್ಯಾಗ ಅಂದ್ರು, ಖರೆ. ಗಾಡಿ ನಿಮ್ಮ ಕೈಯಾಗಿತ್ತು. ನೀವ್ಯಾಕ ಮನಿಗೆ ಒಯ್ಯಲಿಲ್ಲ?"

ಜಗಳ ಬೇಡವೆಂದು ಸುಮ್ಮನಾದೆ ಎಂದೆ. ಅವಳು ನೋಡುತ್ತಲೇ ಇದ್ದಳು. ಎದ್ದು ಹೋದಳು.

ಇಲ್ಲಿಯಾದರೂ ನಿಜ ಬರೆಯಬೇಕು. ತಮ್ಮ ಹೇಳಿದ ಕೂಡಲೇ ಹೂಂ ಎಂದೆ. ಎದುರಾಡಲಿಲ್ಲ. ಹನ್ನೊಂದು ತಿಂಗಳು ಅವ್ವನ ಹೇಲು ಉಚ್ಚೆ ಬಳಿದು ಸಾಕಾಗಿತ್ತು. ಬೇಗ ಮುಗಿಸಿ ಬಂದು ಮಲಗಿದರೆ ಸಾಕು ಎನಿಸಿತ್ತು. ಡ್ರೈವರ್ "ಒಂದ್ ಐದ ಮಿನಿಟ ನಿಲ್ಲಸ್ಲೇನ್ರಿ ಮನಿ ಮುಂದ?" ಎಂದು ಕೇಳಿದ. ಬೇಡವೆಂದವಳು ನಾನು.

ಗಂಗಾರಾಮನಿಗೆ ಫೋನು ಹಚ್ಚಿದೆ. ಕಲ್ಲಿನಲ್ಲಿ ಕೆಳಗೆ ನಾಲ್ಕು ಬೆರಳು ಜಾಗವಿದೆಯಂತೆ. "ಹೇಳ್ರಿ ಬಾಯೀರ, ಬರಕೋತೀನಿ" ಎಂದ. ನಾಳೆ ಹೇಳುತ್ತೇನೆಂದು ಇಟ್ಟೆ.

ಹೀಗೆ ಶುರು ಮಾಡಬಹುದು — ಆಕೆಯ ಮಗಳು ಸುಗಂಧಾ ಅಂದು ಅದೇ ಗಾಡಿಯಲ್ಲಿ...