ಗೋಡೆಯೊಳಗಿನ ಕೊಳವೆ, ಭಾವ ಹೊಡೆದ ಮೊಳೆ

ಮುಚ್ಚಿದ ಗೋಡೆಗಳಿಗೆ ಅನುಮತಿ ಕೊಡುವ ಮಾನ್ಯ ತಪಾಸಣಾಧಿಕಾರಿಗಳೇ,

ನನ್ನ ಅಕ್ಕನ ಸಾವಿಗೆ ‘ಮನೆಯವರ ಅಜಾಗರೂಕತೆಯೇ ಕಾರಣ’ ಎಂದು ನಿಮ್ಮ ವರದಿ ಹೇಳುತ್ತದೆ. ಮನೆಯವರು ಎಂದರೆ ಉಳಿದಿರುವುದು ನನ್ನ ಭಾವ ಒಬ್ಬರೇ. ಆ ಸಾಲನ್ನು ತೆಗೆದುಹಾಕಿ ಎಂದು ಕೇಳಲು ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಯಿತು. ಅದಕ್ಕೇ ಈಗ ಈ ಬಹಿರಂಗ ಪತ್ರದಲ್ಲಿ ಎಲ್ಲರೆದುರು ಕೇಳುತ್ತಿದ್ದೇನೆ.

ಅಕ್ಕ ದರ್ಜಿ. ಹಲಗೆ ಗೋಡೆಯ ಪುಟ್ಟ ಕ್ಯಾಬಿನ್ ಒಂದೇ ಅವಳಿಗೆ ಮನೆ, ಅದೇ ಅಂಗಡಿ. ಪ್ರೊಪೇನ್ ಅನಿಲದ ಸಿಲಿಂಡರ್ ಹೊರಗಿತ್ತು. ಅಲ್ಲಿಂದ ಒಲೆಯವರೆಗಿನ ಕೊಳವೆಯನ್ನು ಗುತ್ತಿಗೆದಾರ ಗೋಡೆಯೊಳಗೆ ಎಳೆದ. “ಹೊರಗೆ ಕಂಡ್ರೆ ಚೆಂದ ಇರಲ್ಲ” ಎಂದನಂತೆ. ಕೊಳವೆಯ ಮುಂದೆ ಮೊಳೆ ತಾಗದಂತೆ ಉಕ್ಕಿನ ಪಟ್ಟಿ ಹಾಕಬೇಕು, ಹಲಗೆ ಮುಚ್ಚುವ ಮೊದಲೇ ಪರಿಶೀಲಿಸಬೇಕು ಎಂಬುದು ನಿಮ್ಮದೇ ನಿಯಮ. ನೀವು ದಯಮಾಡಿಸಿದ್ದು ಗೋಡೆಗೆ ಬಣ್ಣ ಬಳಿದ ಮೇಲೆ.

“ಒಳಗೆ ನೋಡಲ್ವಾ ಸಾರ್?” ಎಂದು ಭಾವ ಕೇಳಿದರು.

“ಗೋಡೆ ಚೆನ್ನಾಗೇ ಇದೆಯಲ್ರೀ, ಸುಮ್ನೆ ಯಾಕೆ ಕೆದಕೋದು?” ಎಂದಿರಿ. ಎಂಥ ದಿವ್ಯದೃಷ್ಟಿ ಸ್ವಾಮಿ ನಿಮ್ಮದು! ಹಲಗೆಯ ಆಚೆ ಪಟ್ಟಿ ಇಲ್ಲದ್ದು ಮಾತ್ರ ಅದಕ್ಕೆ ಕಾಣಲಿಲ್ಲ.

“ಕನ್ನಡಿ ಇಲ್ದಿದ್ರೆ ಯಾರು ಬಟ್ಟೆ ಹೊಲಿಸ್ತಾರೆ? ಒಂದು ಮೊಳೆ ಹೊಡ್ಕೊಡಿ” ಎಂದು ಅಕ್ಕ ಗಂಡನ ಬೆನ್ನುಬಿದ್ದಳು. ಅವರು ಹೊಡೆದರು. ಆ ಮೊಳೆ ಕೊಳವೆಯನ್ನು ತೂತು ಮಾಡಿ ತಾನೇ ಬಿರಡೆಯಾಗಿ ಕೂತಿತು. ಕೆಲವು ತಿಂಗಳ ನಂತರ, ಬೆಳಕು ಚೆನ್ನಾಗಿ ಬೀಳಲೆಂದು ಕನ್ನಡಿಯನ್ನು ಕಿಟಕಿಯ ಬಳಿಗೆ ಸಾಗಿಸುವಾಗ ಭಾವ ಆ ಮೊಳೆಯನ್ನು ಕಿತ್ತರು. ಕಿತ್ತವರೇ ಅಂಗಿಗೆ ಹಾಕುವ ಗುಂಡಿ ತರಲು ಪೇಟೆಗೆ ಹೋದರು. ತೂತಿನಿಂದ ಸೋರಿದ, ಗಾಳಿಗಿಂತ ಭಾರವಾದ ಅನಿಲ ನೆಲದ ಮೇಲೆ ಹರಡಿಕೊಂಡಿತು. ವಾಸನೆ ಬರಲಿಲ್ಲವೇ ಎಂದು ನೀವು ಕೇಳಿದ್ದೀರಿ. ಅವಳಿಗೆ ನೆಗಡಿಯಾಗಿತ್ತು ಸ್ವಾಮಿ. ನೆಗಡಿಯೂ ಅಜಾಗರೂಕತೆಯೇ? ಕಷಾಯಕ್ಕೆಂದು ಒಲೆ ಹಚ್ಚಿದಳು. ಭಾವ ಮರಳಿ ಬಂದಾಗ ಆ ಗೋಡೆಯೇ ಇರಲಿಲ್ಲ.

ಈಗ ಅವರು ನಮ್ಮ ಮನೆಯಲ್ಲಿದ್ದಾರೆ. ತಟ್ಟೆಯ ಮುಂದೆ ಕೂರುತ್ತಾರೆ, ಅನ್ನ ಮುಟ್ಟುವುದಿಲ್ಲ. “ಆ ಮೊಳೆ ನಾನು ಕೀಳ್ದೇ ಇದ್ದಿದ್ರೆ?” ಎನ್ನುತ್ತಾರೆ. “ನಿಮ್ಮ ತಪ್ಪಲ್ಲ ಭಾವ” ಎಂದರೆ, “ನೀನು ಹಾಗೇ ಅಂತೀಯಮ್ಮ. ಸರ್ಕಾರದೋರೇ ಬರ್ದಿದಾರಲ್ಲ” ಎಂದು ನನ್ನನ್ನೇ ಸಮಾಧಾನಪಡಿಸುತ್ತಾರೆ.

ಪರಿಹಾರ ಬೇಡ. ಇನ್ನು ಮುಂದೆ ಯಾವ ಗೋಡೆಯನ್ನೂ ಒಳಗೆ ನೋಡದೆ ಒಪ್ಪಬೇಡಿ. ಆ ಸಾಲನ್ನು ಅಳಿಸಿ. ತಿದ್ದಿದ ವರದಿಯನ್ನು ಅಂಚೆಯಲ್ಲಿ ಕಳಿಸಬೇಡಿ. ನೀವೇ ಬಂದು, ಭಾವನ ಎದುರು ಕೂತು, ‘ನೋಡಬೇಕಾದವನು ನಾನು, ನೋಡಲಿಲ್ಲ’ ಎಂದು ಬಾಯಿಬಿಟ್ಟು ಹೇಳಿ. ನನ್ನ ಮಾತು ನಂಬದ ಆ ಮನುಷ್ಯ ಇವತ್ತಿಗೂ ನಿಮ್ಮ ಮಾತು ನಂಬುತ್ತಾರೆ. ಬೇಗ ಬನ್ನಿ. ಅವರು ದಿನೇ ದಿನೇ ಸೊರಗುತ್ತಿದ್ದಾರೆ.

ಇಂತಿ,
ನಿಮ್ಮ ವರದಿಯಲ್ಲಿ ‘ಮೃತರ ಸಂಬಂಧಿ’,
ಅವಳಿಗೆ ಒಬ್ಬಳೇ ತಂಗಿ