ಒಂದು ಮುಚ್ಚಳ ಹೆಚ್ಚು

ದಿನಾಂಕ: ಫೆಬ್ರವರಿ 30, 2171

1. ಅರಿಕೆದಾರ: ಬಕ್ಕೇಶಪ್ಪ, ವಯಸ್ಸು 78, ನೋಂದಾಯಿತ ಕೀಟನಾಶಕ ಸಿಂಪಡಣೆಗಾರ, ದಾವಣಗೆರೆ.
2. ಅರಿಕೆ ಯಾರಿಗೆ: ಶ್ರೀಮತಿ ಹಾಲಮ್ಮನವರಿಗೆ, ಅದೇ ಊರು, ಅದೇ ವೃತ್ತಿ, ಕ್ರಿ.ಶ. 2026. ಅರಿಕೆದಾರನ ಅಜ್ಜಿಯ ಅಜ್ಜಿ.
3. ವಿಷಯ: ತಮ್ಮ ಕೈಬರಹದ ಒಂದು ಸಾಲನ್ನು ವಿಚಾರಣೆಯಲ್ಲಿ ಹಾಜರುಪಡಿಸಲು ಅಪ್ಪಣೆ ಕೋರಿ.

ಪೂಜ್ಯ ಅಜ್ಜಿಯವರ ಸನ್ನಿಧಿಗೆ,

ಮೇಲಿನ ದಿನಾಂಕ ಕಂಡು ಗಾಬರಿಯಾಗಬಾರದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ಐದು ದಿನ ಯಾವ ತಿಂಗಳಿಗೂ ಸೇರದ ರಜೆ. ಮಾತು ಕೆಲವೆಡೆ ವಿಚಿತ್ರವೆನಿಸಿದರೆ ಕ್ಷಮೆಯಿರಲಿ.

ತಾವು ಬೆನ್ನಿಗೆ ಡಬ್ಬಿ ಕಟ್ಟಿಕೊಂಡು ಹೋಟೆಲು, ಮಂಡಕ್ಕಿ ಭಟ್ಟಿ ಸುತ್ತಿ ಆರಂಭಿಸಿದ ವೃತ್ತಿ ನಮ್ಮ ಮನೆಯಲ್ಲಿ ಇಂದಿಗೂ ನಡೆದಿದೆಯೆಂದು ಹೆಮ್ಮೆಯಿಂದ ನಿವೇದಿಸುತ್ತೇನೆ. ಜಿರಲೆಗಳೂ ಕ್ಷೇಮ. ಮದ್ದು ಹೊಡೆದ ಮನೆಗೆ ಅಂದು ನೆರೆಯವರೇ ಊಟ ಕಳಿಸಬೇಕು. ಅದಕ್ಕೆ ‘ಮದ್ದೂಟ’ ಎನ್ನುತ್ತೇವೆ. ಬದ್ಧದ್ವೇಷಿಗಳೂ ಆ ದಿನ ರೊಟ್ಟಿ, ಎಣ್ಣೆಗಾಯಿ ಕಳಿಸುತ್ತಾರೆ, ಖಾರ ಮಾತ್ರ ಜಾಸ್ತಿ ಹಾಕಿ. ಈಗೀಗ ಪ್ರತಿ ಅಡುಗೆಮನೆಯಲ್ಲೂ ‘ಗೋಡೆಮೂಗು’ ಎಂಬ ಬಟ್ಟಲಗಲದ ಯಂತ್ರ ಅಳವಡಿಸುತ್ತಿದ್ದಾರೆ. ಗೋಡೆಯಲ್ಲಿ ಮದ್ದು ಮಿತಿ ಮೀರಿ ಉಳಿದರೆ ಅದು ಕೂಗುತ್ತದೆ.

ಈಗ ಮುಖ್ಯ ಸಂಗತಿ. ತಮ್ಮ ನೋಟ್‌ಬುಕ್ಕಿನ ಮೊದಲ ಪುಟದಲ್ಲಿ, “ವಾಸ್ನೆನೇ ಇಲ್ಲಲ್ಲವ್ವ ಹಾಲಮ್ಮ, ಬರೇ ನೀರು ಹೊಡ್ದಿಯೇನು?” ಎಂದು ಹೋಟೆಲಿನವರು ಹಂಗಿಸಿದ್ದನ್ನು ಬರೆದು, ಕೆಳಗೆ “ಲೇಬಲ್ ಹೇಳಿದ್ದಕ್ಕಿಂತ ಒಂದು ಮುಚ್ಚಳ ಹೆಚ್ಚು” ಎಂದು ಬರೆದು ಅಡಿಗೆರೆ ಎಳೆದಿದ್ದೀರಿ. ಈಗಿನ ಮದ್ದಿಗೆ ವಾಸನೆಯೇ ಇಲ್ಲ. ಆದರೂ ಹಿರಿಯರ ಅಕ್ಷರವೆಂದು ನಾವು ತಲೆತಲಾಂತರದಿಂದ ಆ ಮುಚ್ಚಳ ಸುರಿಯುತ್ತಲೇ ಬಂದೆವು. ಲೇಬಲ್ಲನ್ನು ನಾನು ಓದಿದವನೇ ಅಲ್ಲ. ಮೊಮ್ಮಗಳು ಶರಣಿಗೂ ಹಾಗೆಯೇ ಕಲಿಸಿದೆ.

ಕಳೆದ ತಿಂಗಳು ಆಕೆ ಅಂಗನವಾಡಿಯ ಅಡುಗೆಮನೆಗೆ ಮದ್ದು ಹೊಡೆದಳು. ಹಿಂದಿನ ವಾರವಷ್ಟೇ ಕೂಡಿಸಿದ್ದ ಗೋಡೆಮೂಗು ಕೂಗಿಕೊಂಡಿತು. ದೇವರ ದಯೆ, ಮಕ್ಕಳು ಇನ್ನೂ ಬಂದಿರಲಿಲ್ಲ. ಆಕೆಯ ಪರವಾನಗಿ ಅಮಾನತಾಗಿದೆ. ನಾಳೆಯ ವಿಚಾರಣೆಯಲ್ಲಿ ಕಾಯಂ ರದ್ದಾಗಬಹುದು. ಯಾರು ಕಲಿಸಿದರೆಂದು ಕೇಳಿದ್ದಕ್ಕೆ “ನಾನೇ ಹಾಕ್ದೆ” ಎಂದಷ್ಟೇ ಹೇಳಿದ್ದಾಳೆ. ಮನೆಯಲ್ಲಿ ನಾನು ಗದರಿದಾಗ, “ತಾತ, ಹಾಲಮ್ಮಜ್ಜಿ ಹೆಸ್ರು ಅಲ್ಲಿ ಎಳೀಬ್ಯಾಡ. ನಿಂದೂ ಬ್ಯಾಡ. ನಂದೊಂದು ಚೀಟಿ ಹೋದ್ರೆ ಹೋಗ್ಲಿ ಬಿಡು” ಎಂದಳು. ಇಪ್ಪತ್ಮೂರು ವರ್ಷದ ಹುಡುಗಿ, ಅಜ್ಜಿ. ಈ ಕೆಲಸ ಬಿಟ್ಟರೆ ಆಕೆಗೆ ಬೇರೆ ಆಸೆಯಿಲ್ಲ.

ಆದಕಾರಣ ನಾಳೆ ಆ ಪುಟವನ್ನು ಹಾಜರುಪಡಿಸಲು ಅಪ್ಪಣೆ ಬೇಡುತ್ತೇನೆ. ತಾವು ಬರೆದದ್ದು ಗಿರಾಕಿಯ ಬಾಯಿಗೆ ಅಂಜಿ. ನಾನು ಕಲಿಸಿದ್ದು ಲೇಬಲ್ ಓದದ ಸೋಮಾರಿತನಕ್ಕೆ. ತಪ್ಪು ದೊಡ್ಡದು ನನ್ನದೇ. ಆ ಸಾಲನ್ನು ತಾವಿನ್ನೂ ಬರೆದಿರದಿದ್ದರೆ ದಯಮಾಡಿ ಬರೆಯಬೇಡಿ. ಬರೆದಾಗಿದ್ದರೆ ಬೇಸರವೂ ಬೇಡ. ತಮ್ಮ ಮೇಲಿನ ಪ್ರೀತಿ ಒಂದು ಹನಿಯೂ ಇಳಿದಿಲ್ಲ. ಉತ್ತರ ಬರುವ ದಾರಿಯಿಲ್ಲದ್ದರಿಂದ ತಮ್ಮ ಮೌನವನ್ನೇ ಒಪ್ಪಿಗೆಯೆಂದು ಭಾವಿಸುತ್ತೇನೆ.

ತಮ್ಮ ವಿಧೇಯ ಮರಿಮೊಮ್ಮಗಳ ಮಗ,
(ಸಹಿ) ಬಕ್ಕೇಶಪ್ಪ

ಲಗತ್ತು: ಐವತ್ತೊಂದು ವರ್ಷದ ನನ್ನ ಪರವಾನಗಿಯನ್ನು ಹಿಂದಿರುಗಿಸುವ ತಪ್ಪೊಪ್ಪಿಗೆ ಪತ್ರದ ನಕಲು, ಒಂದು. (ಶರಣಿಗೆ ಇನ್ನೂ ತೋರಿಸಿಲ್ಲ.)