ಶಿವಾರಪಟ್ಟಣದ ಶಿಲ್ಪಿಯ ಬರಹ ಅಳಿಸಿದ ಗುಂಡಿ

ಪ್ರಶ್ನೋತ್ತರ ಜಾಲತಾಣದ ಪರಿಶೀಲನಾ ವಿಭಾಗದ ಮುಖ್ಯಸ್ಥರೇ,

ಮಾನ್ಯರೇ ಎಂದು ಬರೆಯಲು ಹೊರಟಿದ್ದೆ, ಮನಸ್ಸು ಬರಲಿಲ್ಲ. ನಿಮ್ಮ ಪರಿಶೀಲನಾ ಪುಟದ ಮೂರು ಗುಂಡಿಗಳ ಒಕ್ಕಣೆ ಸರಿಯಿಲ್ಲ. ಅದನ್ನು ನಂಬಿ ಒಬ್ಬ ಹಿರಿಯರ ಹನ್ನೊಂದು ವರ್ಷದ ಬರಹವನ್ನು ನಾನು ಕೈಯಾರೆ ಅಳಿಸಿದ್ದೇನೆ.

ನಾನು ಕೋಲಾರದ ಕಾಲೇಜೊಂದರ ಗ್ರಂಥಾಲಯದಲ್ಲಿ ಕೆಲಸ ಮಾಡುವವಳು. ಮಾಲೂರಿನಿಂದ ದಿನವೂ ಬಸ್ಸು. ಬಸ್ಸಿನಲ್ಲಿ ಕೂತಷ್ಟು ಹೊತ್ತೂ ನಿಮ್ಮ ಬಿಟ್ಟಿ ಚಾಕರಿ: ಜನ ಬರೆದ ಉತ್ತರಗಳನ್ನು ಓದಿ ತೀರ್ಪು ಕೊಡುವುದು. ಅದಕ್ಕೆ ನೀವು ಕೊಟ್ಟಿರುವ ಆಯ್ಕೆಗಳು ‘ಉತ್ತರ, ಉಳಿಸಿ’, ‘ಉತ್ತರವಲ್ಲ, ಅಳಿಸಿ’, ‘ದಾಟಿ ಹೋಗಿ’. ಮೂರು ಸಲ ದಾಟಿ ಹೋದರೆ ನಿಮ್ಮಿಂದ ಎಚ್ಚರಿಕೆ ಬರುತ್ತದೆ. ಸಂತೆಯಲ್ಲಿ ಒಂದು ಕಟ್ಟು ಸೊಪ್ಪು ಕೊಳ್ಳುವವಳಿಗೂ ಇದಕ್ಕಿಂತ ಹೆಚ್ಚು ಮಾತಾಡುವ ಅವಕಾಶವಿದೆಯಲ್ಲವೇ?

ಮುಳಬಾಗಿಲಿನಲ್ಲಿ ಕೆತ್ತನೆ ಕಲಿಯುತ್ತಿರುವ ಒಬ್ಬ ಹುಡುಗಿ ಕೇಳಿದ್ದಳು: ವಿಗ್ರಹಕ್ಕೆ ತಂದ ಕಲ್ಲಿನೊಳಗೆ ಬಿರುಕಿದೆಯೇ ಎಂಬ ಅನುಮಾನ, ಕೆತ್ತಲೇ, ಬಿಡಲೇ? ಅದರ ಕೆಳಗೆ ಶಿವಾರಪಟ್ಟಣದ ಶಿಲ್ಪಿ ದೊಡ್ಡನಾರಾಯಣಪ್ಪನವರ ಒಂದೇ ಸಾಲು: ‘ಪಾದದ ಕಡೆ ಸುತ್ತಿಗೆಯಿಂದ ತಟ್ಟಿದರೆ ಶಬ್ದ ಹೇಗೆ ಬರುತ್ತದೆ?’ ಉತ್ತರದ ಜಾಗದಲ್ಲಿ ಪ್ರಶ್ನೆ! ಅದಾಗಲೇ ಎರಡು ಸಲ ದಾಟಿದ್ದೆ. ಅಳಿಸಿದೆ.

ಅವರ ಬರಹ ಅಳಿಸಿದ್ದು ಅದು ಐದನೆಯ ಸಲವಂತೆ. ಐದಾದರೆ ಖಾತೆಯೇ ಮುಚ್ಚುತ್ತದೆ, ಹಿಂದಿನ ಉತ್ತರಗಳೆಲ್ಲ ಹೋಗುತ್ತವೆ. ಇದನ್ನು ಆ ಗುಂಡಿಯ ಮೇಲೆ ಬರೆಯಲು ನಿಮಗೆ ಜಾಗ ಸಾಲಲಿಲ್ಲವೇ?

ಭಾನುವಾರ ಹುಡುಕಿಕೊಂಡು ಅವರ ಮನೆಗೆ ಹೋದೆ. ಕೈ ನಡುಗಿ ಉಳಿ ಕೆಳಗಿಟ್ಟು ಹನ್ನೊಂದು ವರ್ಷವಾಗಿದೆ. ಅಂದಿನಿಂದ ಅವರು ಹೇಳುವುದು, ಸೊಸೆ ಮುನಿಲಕ್ಷ್ಮಿ ಫೋನಿನಲ್ಲಿ ಬರೆಯುವುದು. ಅವರ ವಿದ್ಯೆಯೆಲ್ಲ ನಿಮ್ಮ ಜಾಲತಾಣದಲ್ಲೇ ಇತ್ತು, ಬೇರೆಲ್ಲೂ ಬರೆದಿಟ್ಟಿರಲಿಲ್ಲ. ಅಳಿಸಿದವಳು ನಾನೇ ಎಂದೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ಅವ್ಳ ಕಲ್ಲು ನನ್ ಕಣ್ಣಿಗೆ ಕಾಣಲ್ಲ, ಕೇಳ್ದೇ ಹೆಂಗಮ್ಮಾ ಹೇಳೋದು? ಘಣ್ ಅಂದ್ರೆ ಕೆತ್ತು ಅಂತೀನಿ, ಮಂಕಾಗಿದ್ರೆ ಬಿಡು ಅಂತೀನಿ. ನಮ್ಮಪ್ಪಾನೂ ಕೇಳ್ದೇ ಏನೂ ಹೇಳ್ತಿರ್ಲಿಲ್ಲ. ಕೇಳಿದ್ದು ತಪ್ಪಾ?”

“ಆ ಹುಡ್ಗಿ ತನ್ನ ಪ್ರಶ್ನೆ ಕೆಳ್ಗೆ ಶಬ್ದ ಮಂಕು ಅಂತ ಬರ್ದವ್ಳೆ ಅಕ್ಕಾ,” ಎಂದಳು ಮುನಿಲಕ್ಷ್ಮಿ. “ಬಿಡು ಅಂತ ಹೇಳೋಕೆ ನಮ್ಗೆ ದಾರೀನೇ ಇಲ್ಲ.”

ಪರಿಶೀಲಕರು ಉತ್ತರ ಬರೆಯುವಂತಿಲ್ಲ ಎಂಬುದು ನಿಮ್ಮ ನಿಯಮ. ಆ ಹುಡುಗಿ ಏನು ಮಾಡಿದಳೋ ನನಗೆ ತಿಳಿಯದು. ಅವರ ಬರಹ ಮರಳಿಸಿ ಎಂಬ ನನ್ನ ಮೂರು ಮನವಿಗಳಿಗೆ ನೀವು ಕೊಟ್ಟ ಉತ್ತರ ಮಾತ್ರ ಬಾಯಿಪಾಠವಾಗಿದೆ: ‘ತೀರ್ಮಾನ ಪರಿಶೀಲಕರದು, ಸಂಸ್ಥೆಯದಲ್ಲ.’ ಮೊಸರು ತಿಂದ ಕೋತಿ ಮೇಕೆಯ ಬಾಯಿಗೆ ಒರೆಸಿತಂತೆ. ಆದರೆ ಈ ಮೇಕೆಯೂ ಅಷ್ಟು ಅಮಾಯಕವಲ್ಲ ಎಂಬುದೇ ನನ್ನ ಸಂಕಟ. ಓದಿದವಳು ನಾನು, ಒಂದು ನಿಮಿಷ ಯೋಚಿಸಬಹುದಿತ್ತು.

‘ಬರೆದವರು ಇನ್ನೂ ವಿಚಾರಿಸುತ್ತಿದ್ದಾರೆ, ಕಾಯಿರಿ’ ಎಂದು ನಾಲ್ಕನೆಯ ಗುಂಡಿ ಇಡಿ. ಅಳಿಸುವ ಗುಂಡಿಯ ಮೇಲೆ ಏನೇನು ಅಳಿಯುತ್ತದೆಂದು ಪೂರ್ತಿ ಬರೆಯಿರಿ. ನೀವು ಇದ್ಯಾವುದನ್ನೂ ಮಾಡುವುದಿಲ್ಲ, ಗೊತ್ತು. ಈ ಪತ್ರವನ್ನೂ ಯಾರೋ ‘ದಾಟಿ ಹೋಗಿ’ ಎಂದು ಒತ್ತಿಬಿಡುತ್ತಾರೆ.

ಹಾಗಾದರೆ ಇದೊಂದನ್ನಾದರೂ ಮಾಡಿ. ಆ ಹಿರಿಯರು ಈಗಲೂ ದಿನಾ ಬೆಳಿಗ್ಗೆ ಸೊಸೆಯನ್ನು “ಬರ್ದಿದ್ದೆಲ್ಲ ವಾಪಸ್ ಬಂತೇನಮ್ಮಾ?” ಎಂದು ಕೇಳುತ್ತಾರೆ. ಅವಳು “ನಾಳೆ ಬರುತ್ತೆ ಮಾವ” ಎನ್ನುತ್ತಾಳೆ. ಹಾಗೆ ಹೇಳಲು ಕಲಿಸಿದವಳು ನಾನು, ನಿಜ ಹೇಳುವ ಧೈರ್ಯ ನನಗಿಲ್ಲ. ಇನ್ನು ಬರುವುದಿಲ್ಲವೆಂದು ನೀವೇ ಅವರಿಗೆ ಅರ್ಥವಾಗುವ ಕನ್ನಡದಲ್ಲಿ ಒಂದು ಸಾಲು ಬರೆದು ಕಳಿಸಿ.

ಇಂತಿ,
ನಿಮ್ಮ ದಾಖಲೆಯ ಪ್ರಕಾರ ಚುರುಕಿನ ಪರಿಶೀಲಕಿ,
ಚಂದ್ರಕಲಾ, ಮಾಲೂರು